ಇಸ್ತ್ರಿ ದಿಂಬಿನ ಫಜೀತಿಗಳು

ಹೊಲಿಯುವವರ ಮನೆಯಲ್ಲಿ ಬೆರಳಿಗೆ ಸೂಜಿ ಚುಚ್ಚುವುದು, ಅಳತೆ ತಪ್ಪುವುದು ಎಲ್ಲ ಇದ್ದದ್ದೇ. ನನಗೆ ಅದರಿಂದ ಅಂಥ ತೊಂದರೆ ಆದದ್ದಿಲ್ಲ. ಆದದ್ದೆಲ್ಲ ಇಸ್ತ್ರಿಯಿಂದ. ಈ ಇಪ್ಪತ್ತು ವರ್ಷಗಳಲ್ಲಿ ಒಂದು ವರ್ಷವೂ ತಪ್ಪದೆ ಏನಾದರೊಂದು ಆಗುತ್ತಲೇ ಬಂದಿದೆ.

ಇದಕ್ಕೆಲ್ಲ ಮೂಲ ನಮ್ಮ ಮಾಸ್ಟ್ರು. ಮುಂಬೈಯ ಕೋಟು ಹೊಲಿಯುವ ಅಂಗಡಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ, ಕಣ್ಣು ಮಂಜಾದ ಮೇಲೆ ಹೆಮ್ಮಾಡಿಗೆ ವಾಪಸು ಬಂದವರು. ತೊಂಬತ್ತೇಳರಲ್ಲಿ ನಾನು ಬ್ರಹ್ಮಾವರದಿಂದ ಮದುವೆಯಾಗಿ ಹೆಮ್ಮಾಡಿಗೆ ಬಂದಾಗ ತವರಿನವರು ಒಂದು ಹೊಲಿಗೆ ಮಷೀನು ಕೊಟ್ಟಿದ್ದರು. ನಾನು ಹೊಲಿದ ಮೊದಲ ಬ್ಲೌಸನ್ನು ಮಾಸ್ಟ್ರು ಕೈಯಲ್ಲಿ ಹಿಡಿದು, ಹೊಲಿಗೆ ಚೆನ್ನಾಗಿದೆ ಎಂದರು. ಆಮೇಲೆ ಎದೆಯ ಉಬ್ಬಿಗೆಂದು ಹಿಡಿದ ಮಡಿಕೆ, ಟಕ್ಸಿನ ಮೇಲೆ ಬೆರಳಾಡಿಸಿ, ಇದನ್ನು ಮೇಜಿನ ಮೇಲೆ ಇಸ್ತ್ರಿ ಮಾಡಿದ್ದೀಯಲ್ಲ, ಮನುಷ್ಯರ ಮೈ ಮೇಜಿನ ಹಾಗೆ ಚಪ್ಪಟೆ ಇರುತ್ತದಾ ಎಂದು ಕೇಳಿದರು. ಉಬ್ಬಿದ ಜಾಗವನ್ನು ಉಬ್ಬಿದ ದಿಂಬಿನ ಮೇಲಿಟ್ಟೇ ಒತ್ತಬೇಕಂತೆ. ಆ ದಿಂಬು ಕುಂದಾಪುರದಲ್ಲಿ ಸಿಗುತ್ತದಾ ಎಂದರೆ ಅವರು ನಕ್ಕರು. "ಸಿಕ್ಕುದಿಲ್ಲೆ. ನೀನೇ ಮಾಡ್ಕ್."

ಮಾಡಿದೆ. ಅಲ್ಲಿಂದ ಶುರು.

ಮರದ ಹುಡಿ

ದಿಂಬಿಗೆ ಹತ್ತಿ ತುಂಬಬಾರದು, ಮೆತ್ತಗಾಗುತ್ತದೆ. ಮರದ ಹುಡಿಯನ್ನು ಕಲ್ಲಿನ ಹಾಗೆ ಗಟ್ಟಿ ತುಂಬಬೇಕು ಎಂದು ಮಾಸ್ಟ್ರು ಹೇಳಿದ್ದರು. ಮರದ ಮಿಲ್ಲಿಗೆ ಹೋಗಿ ಒಂದು ಗೋಣಿ ಹುಡಿ ತಂದೆ. ಎರಡು ದಿನ ಕೂತು, ಕಡೆಗೋಲಿನ ಹಿಡಿಯಿಂದ ಕುಟ್ಟಿ ಕುಟ್ಟಿ ತುಂಬಿದೆ. ನೋಡಲು ಎಳೆ ಹಲಸಿನಕಾಯಿಯಂತೆ ಇತ್ತು.

ಅದರ ಮೇಲೆ ಮೊದಲು ಕೂತದ್ದು ನಮ್ಮೂರ ಶಾಲೆಯ ಟೀಚರ ಬಿಳಿ ಬ್ಲೌಸು. ಆಗಸ್ಟ್ ಹದಿನೈದಕ್ಕೆ ಬಿಳಿ ಸೀರೆಯ ಜೊತೆಗೆ ತೊಡಬೇಕಾದದ್ದು. ಒದ್ದೆ ಬಟ್ಟೆ ಹಾಸಿ, ಬಿಸಿ ಪೆಟ್ಟಿಗೆ ಇಟ್ಟು, ಹಬೆ ಬರುವಂತೆ ಒತ್ತಿದೆ. ಎತ್ತಿ ನೋಡಿದರೆ ಎದೆಯ ಎರಡೂ ಬದಿಗೆ ಎರಡು ಹಳದಿ ಚಂದ್ರ. ನಾನು ತಂದದ್ದು ಹಲಸಿನ ಮರದ ಹುಡಿ. ಯಾರದೋ ಹೊಸ ಮನೆಯ ಬಾಗಿಲಿಗೆಂದು ಅವತ್ತು ಮಿಲ್ಲಿನಲ್ಲಿ ಹಲಸು ಕೊಯ್ದಿದ್ದರು. ಹಬೆ ತಾಗಿದ್ದೇ ಬಣ್ಣ ಬಿಟ್ಟಿತು.

ಸೋಪು ಹಾಕಿದೆ, ನಿಂಬೆ ಹಿಂಡಿದೆ, ಹೋಗಲಿಲ್ಲ. ಅಳುತ್ತಾ ಮಾಸ್ಟ್ರ ಹತ್ತಿರ ಹೋದೆ. ಎರಡು ಕಡೆ ಹಳದಿಯಾದರೆ ಕಲೆ, ಪೂರ್ತಿ ಹಳದಿಯಾದರೆ ಬಣ್ಣ ಎಂದರು ಅವರು. ಮನೆಗೆ ಬಂದು ದಿಂಬು ಬಿಚ್ಚಿ, ಅದೇ ಹುಡಿಯನ್ನು ಪಟಿಕ ಹಾಕಿ ಕುದಿಸಿ, ಬ್ಲೌಸನ್ನು ಅದರಲ್ಲಿ ಅದ್ದಿದೆ. ಹದಿನಾಲ್ಕನೇ ತಾರೀಕು ಟೀಚರು ಬಂದಾಗ ಆದದ್ದನ್ನೆಲ್ಲ ಹೇಳಿಬಿಟ್ಟೆ. ಅವರು ಬ್ಲೌಸನ್ನು ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದರು. ಬೇರೆ ದಾರಿ ಇಲ್ಲದ್ದಕ್ಕೆ ಅದನ್ನೇ ತೊಟ್ಟುಕೊಂಡು ಧ್ವಜಾರೋಹಣಕ್ಕೆ ಹೋದರು.

ಮರುವಾರ ಅದೇ ಶಾಲೆಯ ಮತ್ತೆ ನಾಲ್ಕು ಟೀಚರುಗಳು ಬಿಳಿ ಬಟ್ಟೆ ಹಿಡಿದುಕೊಂಡು ಬಂದು, ನಮಗೂ ಅದೇ ಬಣ್ಣ ಬೇಕು ಎಂದರು. ಖುಷಿಯಲ್ಲಿ ಮಿಲ್ಲಿಗೆ ಓಡಿದೆ. ಅಲ್ಲಿ ಆಗ ಮಾವು ಕೊಯ್ಯುತ್ತಿದ್ದರು. ಹಲಸು ಯಾವಾಗ ಎಂದು ಕೇಳಿದ್ದಕ್ಕೆ ಮಿಲ್ಲಿನ ಧಣಿ ಯೋಚನೆ ಮಾಡಿ ಹೇಳಿದರು: "ನಿಮ್ಗೆ ಬಣ್ಣ ಬೇಕಾರೆ ಊರಗೆ ಯಾರಾರೂ ಮನಿ ಕಟ್ಕ್ ಅಕ್ಕಾ."

ಪೆಟ್ಟಿನ ಸದ್ದು

ಎರಡನೆಯದು ಮರದ ತುಂಡು. ಜರಿ ಅಂಚಿನ ರೇಷ್ಮೆ ಬ್ಲೌಸಿನ ಮಡಿಕೆ ದಪ್ಪವಾಗಿ ಎದ್ದು ನಿಲ್ಲುತ್ತದೆ. ಅದಕ್ಕೆ ಹಬೆ ಕೊಟ್ಟು, ಹಬೆ ಆರುವ ಮೊದಲೇ ಮರದ ತುಂಡಿನಿಂದ ನಾಲ್ಕು ಹೊಡೆದು ಒತ್ತಿ ಹಿಡಿದರೆ ಚಪ್ಪಟೆಯಾಗಿ ಕೂರುತ್ತದೆ. ನಮ್ಮೂರ ಮರಗೆಲಸದ ಆಚಾರ್ರು ಬಾಗಿಲ ದಾರಂದದಿಂದ ಉಳಿದ ತುಂಡೊಂದನ್ನು ಕೈಗೆ ಹಿಡಿತ ಬರುವ ಹಾಗೆ ನಯ ಮಾಡಿ ಕೊಟ್ಟರು.

ಆ ವರ್ಷ ಮದುವೆ ಕೆಲಸ ಮೈಮೇಲೆ ಬಿದ್ದಿತ್ತು. ಹಗಲು ಹೊಲಿಗೆ, ಸಂಜೆ ಇಸ್ತ್ರಿ. ನನ್ನ ಗಂಡ ಸಿದ್ದಾಪುರದ ಬಸ್ಸಿನ ಡ್ರೈವರು. ಸಂಜೆ ಆರಕ್ಕೆ ಅವರು ಮನೆಗೆ ಬಂದು ಬಾಗಿಲು ಹಾಕಿದರೆ, ಆರೂ ಐದಕ್ಕೆ ನನ್ನ ಪೆಟ್ಟು ಶುರು. ನನಗೊಂದು ಕೆಟ್ಟ ಅಭ್ಯಾಸ, ಕೆಲಸ ಮಾಡುವಾಗ ಬಟ್ಟೆಯ ಹತ್ತಿರ ಮಾತಾಡುತ್ತೇನೆ. ಬಗ್ಗುವುದಿಲ್ಲವಾ ನೀನು, ಇನ್ನೊಂದು ಬೇಕಾ ನಿನಗೆ, ಈಗ ಹೇಗೆ ಸುಮ್ಮನೆ ಬಿದ್ದುಕೊಂಡೆ ನೋಡು, ಹೀಗೆಲ್ಲ.

ಪಕ್ಕದ ಮನೆಯ ಅಜ್ಜಿ ಹದಿನೈದು ದಿನ ಕೇಳಿದರಂತೆ. ಹದಿನಾರನೇ ದಿನ ನಾನು ಬಾವಿಕಟ್ಟೆಗೆ ಹೋದ ಹೊತ್ತು ನೋಡಿ ನಮ್ಮನೆ ಜಗಲಿಗೆ ಬಂದು ನನ್ನ ಗಂಡನ ಹತ್ತಿರ ಕೂತರು. ಅವರ ಬೆನ್ನು ಸವರಿದರು. ಗಂಡಸರು ಇಂಥದ್ದನ್ನು ಹೊರಗೆ ಹೇಳಿಕೊಳ್ಳಲು ನಾಚುತ್ತಾರೆ, ನನ್ನ ಹತ್ತಿರ ಹೇಳು ಮಗಾ, ನಾನು ಅವಳಿಗೆ ಬುದ್ಧಿ ಹೇಳುತ್ತೇನೆ ಎಂದರು. ನನ್ನ ಗಂಡನಿಗೆ ಎರಡು ನಿಮಿಷ ಅರ್ಥವಾಗಲಿಲ್ಲ. ಅರ್ಥವಾದ ಮೇಲೂ ಅವರು ನಿಜ ಹೇಳಲಿಲ್ಲ. ತಲೆ ತಗ್ಗಿಸಿ ಕೂತರಂತೆ.

"ದಿನಾ ಹೊಡಿತ್ಲಾ ಮಗಾ?" ಎಂದರು ಅಜ್ಜಿ.

"ಮದಿ ಸೀಸನ್ನಗೆ ಜಾಸ್ತಿ ಅಜ್ಜಿ," ಎಂದರು ನನ್ನ ಗಂಡ. "ಆಸಾಡಿ ತಿಂಗ್ಳ್ ಪೂರ್ತಿ ಕೈ ಮುಟ್ಟುದಿಲ್ಲೆ."

ಬಿಸಿ ಮಣೆ

ಇಸ್ತ್ರಿಗೆ ಒಂದು ಸಣ್ಣ ಹಲಗೆ ಬೇಕಿತ್ತು. ಅತ್ತೆಯ ಹಳೆಯ ಮಣೆಯೊಂದು ಅಟ್ಟದ ಮೇಲಿತ್ತು. ಅವರಿಗೆ ಹೇಳದೆ ಇಳಿಸಿ, ಕಂಬಳಿ ಸುತ್ತಿ, ಮೇಲೆ ಬಿಳಿ ಪಂಚೆ ಬಿಗಿದು ಕೆಳಗೆ ಮೊಳೆ ಹೊಡೆದೆ. ಚಂದದ ಹಲಗೆಯಾಯಿತು.

ಜುಲೈ ತಿಂಗಳ ಒಂದು ಬೆಳಿಗ್ಗೆ ಪೂಜೆಗೆ ಭಟ್ಟರು ಬರುವವರಿದ್ದರು. ಹೊರಗೆ ಮಳೆ ಹೊಯ್ಯುತ್ತಿತ್ತು. ಅವರು ಬರುವುದರೊಳಗೆ ಮುಗಿಯಲಿ ಎಂದು ನಾನು ಅದರ ಮೇಲೆ ಐದಾರು ಲಂಗ ಇಸ್ತ್ರಿ ಮಾಡಿ, ಕಾಫಿ ಮಾಡಲು ಒಳಗೆ ಹೋದೆ. ಅತ್ತೆ ಬಂದು ನೋಡಿದರು. ಸೊಸೆ ಭಟ್ಟರಿಗೆಂದೇ ಮಣೆಗೆ ಮಡಿ ಬಟ್ಟೆ ಸುತ್ತಿಟ್ಟಿದ್ದಾಳೆ ಎಂದು ಸಂತೋಷವಾಗಿ ಅದನ್ನೇ ದೇವರ ಮುಂದೆ ಇಟ್ಟರು.

ನಾನು ಕಾಫಿ ತಂದು ನೋಡುವಾಗ ಭಟ್ಟರು ಅದರ ಮೇಲೆ ಕೂತಾಗಿತ್ತು. ಒಮ್ಮೆ ಎದ್ದರು. ಮಣೆಯನ್ನೊಮ್ಮೆ ನೋಡಿ ಮತ್ತೆ ಕೂತರು, ನಿಧಾನವಾಗಿ. ಒಂದು ಮಂತ್ರವನ್ನೂ ನುಂಗದೆ, ಎಂದೂ ಹೇಳದ ಶ್ಲೋಕಗಳನ್ನೆಲ್ಲ ಸೇರಿಸಿ, ಒಂದೂವರೆ ಗಂಟೆ ಪೂಜೆ ಮಾಡಿದರು. ಹೊರಡುವಾಗ ಅತ್ತೆಯ ಹತ್ತಿರ, ಮುಂದಿನ ಸಲವೂ ಇದೇ ಮಣೆ ಇರಲಿ ಎಂದರು.

ಅಲ್ಲಿಂದ ಅವರು ಹೋದದ್ದು ಆಚೆ ಮನೆಗೆ. ಅಲ್ಲಿ ಹತ್ತೇ ನಿಮಿಷಕ್ಕೆ ಮಂಗಳಾರತಿ ಆಯಿತಂತೆ. ಆ ಮನೆಯ ಮಣೆ ತಣ್ಣಗಿತ್ತು.

ಕೈ ನೋವು

ಬ್ಲೌಸಿನ ಕೈಯೊಳಗೆ ತೂರಿಸಿ ಇಸ್ತ್ರಿ ಮಾಡಲು ಒಂದು ಉದ್ದನೆಯ ಸುರುಳಿಯನ್ನೂ ಮಾಡಿದ್ದೆ. ಅದಕ್ಕೂ ಮರದ ಹುಡಿಯೇ, ಈ ಸಲ ತೊಳೆದು ಒಣಗಿಸಿದ್ದು. ಒಂದು ದಿನ ಸಿದ್ದಾಪುರದಿಂದ ನನ್ನ ಅತ್ತಿಗೆಯ ಗಂಡ, ನಮ್ಮ ಭಾವ, ಕುತ್ತಿಗೆ ನೋವಿಗೆಂದು ಕುಂದಾಪುರದ ಡಾಕ್ಟರ ಹತ್ತಿರ ಹೊರಟವರು ನಮ್ಮಲ್ಲಿಗೆ ಊಟಕ್ಕೆ ಬಂದರು. ಎಂಟು ದಿನದಿಂದ ಅವರ ಕುತ್ತಿಗೆ ಎಡಕ್ಕೆ ತಿರುಗುತ್ತಿರಲಿಲ್ಲ. ಊಟವಾಗಿ ಸ್ವಲ್ಪ ಅಡ್ಡಾದರು. ಮಂಚದ ಮೇಲೆ ಕೈಗೆ ಸಿಕ್ಕಿದ ಸುರುಳಿಯನ್ನೇ ತಲೆಯಡಿಗೆ ಇಟ್ಟುಕೊಂಡಿದ್ದರು. ಎದ್ದಾಗ ಕುತ್ತಿಗೆ ಎಡಕ್ಕೂ ತಿರುಗಿತು, ಬಲಕ್ಕೂ ತಿರುಗಿತು. ಡಾಕ್ಟರಲ್ಲಿಗೆ ಹೋಗದೆ, ನನ್ನ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಸೀದಾ ವಾಪಸು ಬಸ್ಸು ಹತ್ತಿದರು.

ಮುಂದಿನ ವಾರ ಸಿದ್ದಾಪುರದ ಕಡೆಯ ಮೂವರು ನಮ್ಮ ಜಗಲಿಯಲ್ಲಿ ಸಾಲಾಗಿ ಕುತ್ತಿಗೆ ವಾಲಿಸಿ ಕೂತಿದ್ದರು. ಹೆಮ್ಮಾಡಿಯಲ್ಲಿ ಕುತ್ತಿಗೆಗೆ ಔಷಧದ ದಿಂಬು ಮಾಡುವವರು ಇದ್ದಾರೆ ಎಂದು ಭಾವ ಊರಿಡೀ ಹೇಳಿದ್ದರು. ಅದರೊಳಗೆ ಯಾವ ಔಷಧವೂ ಇಲ್ಲ, ಬರೀ ಮರದ ಹುಡಿ ಎಂದೆ. ಯಾವ ಮರ ಎಂದು ಒಬ್ಬರು ಕೇಳಿದರು. ಕೊನೆಗೆ ನಾನು ಸ್ವಲ್ಪ ಗಟ್ಟಿಯಾಗಿಯೇ, ಅದು ಕುತ್ತಿಗೆಯದ್ದೇ ಅಲ್ಲ, ಕೈಯದ್ದು ಎಂದು ಹೇಳಿದೆ.

ಅವರಲ್ಲಿ ಹಿರಿಯರು ತೋಳು ಮುಂದೆ ಚಾಚಿದರು. "ಅಡ್ಡಿಲ್ಲೆ. ಕೈ ಸಾ ನೋವಿತ್ತ್."

ನಾವುಂದದ ಮದುವೆ

ಇದು ಎರಡು ಸಾವಿರದ ಎಂಟರ ಹೊತ್ತಿಗೆ ಆದದ್ದು. ಬಸ್ಸಿನಲ್ಲಿ ಯಾರದಾದರೂ ಚೀಲ ಉಳಿದರೆ ಸಾಕು, ಜನ ದೂರ ಸರಿಯುತ್ತಿದ್ದ ಕಾಲ.

ನಾವುಂದದಲ್ಲಿ ಮೀನು ವ್ಯಾಪಾರದವರ ಮನೆಯ ಮದುವೆ. ಹುಡುಗಿಯ ಬ್ಲೌಸು ಬೇರೆ ಯಾರೋ ಹೊಲಿದದ್ದು. ಮದುವೆಯ ದಿನ ಬೆಳಿಗ್ಗೆ ತೊಟ್ಟು ನೋಡಿದರೆ ಎದೆಯ ಟಕ್ಸು ಎರಡು ಕೊಂಬಿನ ಹಾಗೆ ಚೂಪಾಗಿ ನಿಂತಿತ್ತು. ಹುಡುಗಿ ಅಳಲು ಶುರುಮಾಡಿ, ಇದನ್ನು ತೊಟ್ಟು ಮಂಟಪಕ್ಕೆ ಬರುವುದೇ ಇಲ್ಲ ಎಂದು ಬಾಗಿಲು ಹಾಕಿಕೊಂಡಳು. ನನಗೆ ಫೋನು ಬಂತು. ಮುಹೂರ್ತ ಹನ್ನೊಂದೂವರೆಗೆ.

ನಾನು ಹೊಲಿಗೆಯ ಡಬ್ಬಿಯನ್ನು ಒಂದು ಕೈಯಲ್ಲಿ, ದಿಂಬಿನ ಚೀಲವನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಸ್ಸು ಹತ್ತಿದೆ. ನಿಲ್ಲಲೂ ಜಾಗವಿರಲಿಲ್ಲ, ಚೀಲವನ್ನು ಸೀಟಿನಡಿಗೆ ತಳ್ಳಿದೆ. ನಾವುಂದದಲ್ಲಿ ಇಳಿದು, ಮದುವೆ ಮನೆಗೆ ನಡೆದು, ಟಕ್ಸು ಬಿಚ್ಚಿ ಮತ್ತೆ ಹೊಲಿದು, ಇಸ್ತ್ರಿ ಪೆಟ್ಟಿಗೆ ಬಿಸಿಗಿಟ್ಟು ನೋಡುತ್ತೇನೆ, ದಿಂಬು ಇಲ್ಲ.

ಅಷ್ಟರಲ್ಲಿ ಹುಡುಗಿಯ ಚಿಕ್ಕಪ್ಪನಿಗೆ ಯಾರೋ ಫೋನು ಮಾಡಿದರು. ಮುಂದಿನ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿದ್ದಾರೆ, ಒಳಗೆ ಬಾಂಬು ಸಿಕ್ಕಿದೆ. ಮನೆಯವರೆಲ್ಲ ಅವರ ಸುತ್ತ ಸೇರಿದರು. ಫೋನಿನಲ್ಲಿ ಕೇಳಿದ್ದನ್ನು ಅವರು ಒಂದೊಂದಾಗಿ ಹೇಳುತ್ತಾ ಹೋದರು. ಉರುಟಾಗಿ ಇದೆಯಂತೆ. ಕಲ್ಲಿನಷ್ಟು ಭಾರವಂತೆ. ಒಂದು ಬದಿ ಕೆಂಪು ಚೌಕುಳಿ, ಇನ್ನೊಂದು ಬದಿ ಕಪ್ಪು ಉಣ್ಣೆಯಂತೆ. ಹಳದಿ ಬಣ್ಣದ ವಯರು ಹೊರಗೆ ನೇತಾಡುತ್ತಿದೆಯಂತೆ.

ವಯರಲ್ಲ, ನನ್ನ ಅಳತೆ ಟೇಪು. ನೆಂಟರೆಲ್ಲ ನೋಡುತ್ತಿದ್ದಂತೆ, ಆ ಬಾಂಬು ನನ್ನದು ಎಂದು ಒಪ್ಪಿಕೊಂಡೆ.

ಚಿಕ್ಕಪ್ಪ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದರು. ಬಸ್ಸು ಖಾಲಿಯಾಗಿ ನಿಂತಿತ್ತು. ಜನ ರಸ್ತೆಯ ಆಚೆ ಬದಿಗಿದ್ದರು. ನಡುವೆ ಒಂದು ಮೀನಿನ ಪೆಟ್ಟಿಗೆ. ಬಿಸಿಯಾದರೆ ತಾನೆ ಬಾಂಬು ಒಡೆಯುವುದು ಎಂದು ಮೀನಿನ ಟೆಂಪೋದವನು ಬುದ್ಧಿ ಓಡಿಸಿ, ಪೊಲೀಸರು ಬರುವವರೆಗೆ ತಣ್ಣಗಿರಲಿ ಅಂತ, ಉದ್ದ ಕೋಲಿನಿಂದ ಅದನ್ನು ಬಂಗಡೆಯ ಮೇಲೆ ಉರುಳಿಸಿ ಮಂಜುಗಡ್ಡೆ ಸುರಿದಿದ್ದ.

ಅದು ಇಸ್ತ್ರಿಯ ದಿಂಬು ಎಂದು ನಾನು ಕಂಡಕ್ಟರಿಗೆ ಹೇಳಿದೆ. "ಹಂಗಾರೆ ನೀವೇ ಎತ್ಕಣಿ," ಎಂದು ಅವರು ಹಿಂದೆ ಸರಿದರು. ನಾನು ಮಂಜುಗಡ್ಡೆ ಸರಿಸಿ ದಿಂಬನ್ನು ಎತ್ತಿ ಎದೆಗೆ ಒತ್ತಿಕೊಂಡೆ. ಜನರೆಲ್ಲ ಒಟ್ಟಿಗೇ ಹತ್ತು ಹೆಜ್ಜೆ ಹಿಂದೆ ಹೋದರು. ತಿರುಗಿ ನೋಡಿದರೆ ಚಿಕ್ಕಪ್ಪ ಬೈಕನ್ನು ಆಗಲೇ ಒಂದು ಫರ್ಲಾಂಗು ದೂರ ನಿಲ್ಲಿಸಿದ್ದರು.

ವಾಪಸು ಬಂದಾಗ ಹತ್ತೂವರೆ. ದಿಂಬಿನಿಂದ ನೀರು ಸೋರುತ್ತಿತ್ತು. ಹುಡುಗಿಯ ಅಜ್ಜಿ ಬಾಗಿಲಲ್ಲೇ ತಡೆದರು. "ನಾನ್ ನಲ್ವತ್ ವರ್ಷ ಮೀನ್ ಮಾರಿದವ್ಳ್. ಆದ್ರೂ ಮೊಮ್ಮಗಳ ರವ್ಕಿ ಬಂಗ್ಡಿ ವಾಸ್ನಿ ಬಪ್ಪುಕಾಗ."

ಅವರು ಹೇಳಿದ್ದು ಸರಿ. ಆದರೆ ಇನ್ನೇನು ಮಾಡುವುದು? ಕೈ ಕಟ್ಟಿ ನಿಂತರೆ ಆಗುವುದಿಲ್ಲ. ಒಳಗೆ ಹುಡುಗಿಯ ಅಳು ಕೇಳುತ್ತಿತ್ತು. ಉರುಟಾದದ್ದು, ಗಟ್ಟಿಯಾದದ್ದು ಏನಾದರೂ ಬೇಕು. ತಂಬಿಗೆ ನೋಡಿದೆ, ಸಣ್ಣದಾಯಿತು. ತೆಂಗಿನಕಾಯಿ ನೋಡಿದೆ, ಜುಟ್ಟು ಚುಚ್ಚಿತು. ಹಿತ್ತಿಲಿನ ಅಡುಗೆ ಚಪ್ಪರಕ್ಕೆ ಹೋದಾಗ ಅಡುಗೆಯವರು ಹುಳಿಗೆಂದು ಬಣ್ಣದ ಸೌತೆಕಾಯಿ ಹೆಚ್ಚುತ್ತಿದ್ದರು. ಕೊನೆಯ ಒಂದು ಕಾಯಿ ಉಳಿದಿತ್ತು, ದಪ್ಪದ್ದು, ನನಗೆ ಬೇಕಾದ ಅಳತೆಯದ್ದೇ. ಒಂದು ಗಳಿಗೆ ಕೊಡಿ ಎಂದು ಬೇಡಿ ತಂದೆ. ಹುಳಿಗೆ ಹೋಳು ಸಾಲುವುದಿಲ್ಲ, ಬೇಗ ವಾಪಸು ಬೇಕು ಎಂದು ಅಡುಗೆಯವರು ಸಟ್ಟುಗ ಹಿಡಿದುಕೊಂಡೇ ನನ್ನ ಹಿಂದೆ ಬಂದು ಕೋಣೆಯ ಬಾಗಿಲಲ್ಲಿ ನಿಂತರು.

ಸೌತೆಕಾಯಿಗೆ ಟವೆಲು ಸುತ್ತಿ, ಬ್ಲೌಸು ಹೊದಿಸಿ, ಒದ್ದೆ ಬಟ್ಟೆ ಇಟ್ಟು ಒತ್ತಿದೆ. ಎಡಬದಿ ಎರಡು ಸಲಕ್ಕೇ ಕೂತಿತು. ಬಲಬದಿಗೆ ಕಾಯಿಯ ಮಗ್ಗುಲು ತಿರುಗಿಸಿಟ್ಟೆ, ಅದು ಹಟ ಮಾಡಿತು, ಐದಾರು ಸಲ ಒತ್ತಬೇಕಾಯಿತು. ಹುಡುಗಿ ತೊಟ್ಟು ಕನ್ನಡಿಯ ಮುಂದೆ ನಿಂತಳು. ಈ ಕಡೆ ತಿರುಗಿದಳು, ಆ ಕಡೆ ತಿರುಗಿದಳು. ಆಮೇಲೆ ನಕ್ಕಳು. ಅಜ್ಜಿ ಕಣ್ಣು ಒರೆಸಿಕೊಂಡರು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಡುಗೆಯವರು ಯಾರನ್ನೂ ನೋಡದೆ ಸೌತೆಕಾಯಿಯನ್ನು ಟವೆಲಿನಿಂದ ಬಿಡಿಸಿಕೊಂಡು ಹೋದರು.

ಮದುವೆ ಸರಿಯಾದ ಹೊತ್ತಿಗೆ ಆಯಿತು. ಊಟದ ಪಂಕ್ತಿಯಲ್ಲಿ ನನ್ನ ಎಲೆಗೆ ಹುಳಿ ಬಡಿಸಲು ಅಡುಗೆಯವರೇ ಬಂದರು. ದೊಡ್ಡ ಎರಡು ಹೋಳು ಹಾಕಿ, ಪಕ್ಕದವರಿಗೆ ಕೇಳದ ಹಾಗೆ ಬಗ್ಗಿ ಹೇಳಿದರು:

"ಎಡಬದಿದ್ ಬೇಯುಕೆ ಸ್ವಲ್ಪ ಹೊತ್ತಾಯ್ತ್ ಅಮ್ಮ. ಬಲಬದಿದ್ ಬೆಂದೇ ಬಂದಿತ್ತ್."