ಮಡಿಸಿದರೆ ಪೆಟ್ಟಿಗೆ, ಬಿಡಿಸಿದರೆ ಪರದೆ

ಗಂಡಸಿಗೆ ನಲವತ್ತು ದಾಟಿತೆಂದರೆ ಒಂದೋ ಸಕ್ಕರೆ ಕಾಯಿಲೆ ಬರುತ್ತದೆ, ಇಲ್ಲವೇ ಹವ್ಯಾಸ ಬರುತ್ತದೆ. ಸಕ್ಕರೆ ಕಾಯಿಲೆಗಾದರೆ ಮಾತ್ರೆ ಉಂಟು, ಪಥ್ಯ ಉಂಟು, ನೋಡಲು ಬಂದವರ ಕನಿಕರವೂ ಉಂಟು. ಹವ್ಯಾಸಕ್ಕೆ ಇದ್ಯಾವುದೂ ಇಲ್ಲ. ಮನೆಯವರು ಅನುಭವಿಸಬೇಕು, ಅಷ್ಟೆ. ಸ್ಕೇಲಪ್ಪನವರ ಹೆಂಡತಿ ಈ ಮಾತನ್ನು ಬಂದವರೆದುರು ಆಗಾಗ ಹೇಳುತ್ತಿದ್ದಳು. ಸ್ಕೇಲಪ್ಪನವರು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದರು.

ಸ್ಕೇಲಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕಚೇರಿ ಇಟ್ಟದ್ದು. ಮನೆ ಕಟ್ಟುವವರ ನಕ್ಷೆಗಳನ್ನು ಪರಿಶೀಲಿಸುವ ಕಚೇರಿಯಲ್ಲಿ ಅವರು ಹಿರಿಯ ನಕ್ಷೆಗಾರರು. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಒಂದು ಉಕ್ಕಿನ ಸ್ಕೇಲು. (ಮದುವೆ ಮನೆಗೆ ಹೋದರೂ ಇರುತ್ತಿತ್ತು. ಅದನ್ನು ತೆಗೆದಿಟ್ಟು ಬನ್ನಿ ಎನ್ನುವುದನ್ನು ಹೆಂಡತಿ ಯಾವತ್ತೋ ಬಿಟ್ಟಿದ್ದಳು.) ಕಟ್ಟಿದ ಮನೆ ನಕ್ಷೆಗಿಂತ ಒಂದಡಿ ಮುಂದಕ್ಕೆ ಬಂದಿದ್ದರೆ ಒಡೆಯಬೇಕಾದದ್ದು ಮನೆಯನ್ನು, ನಕ್ಷೆಯನ್ನಲ್ಲ. ಕಚೇರಿಯ ಈ ನಿಯಮ, ಇಷ್ಟು ವರ್ಷ ಅದೇ ಕುರ್ಚಿಯಲ್ಲಿ ಕೂತು ಕೂತು, ಅವರ ವೇದಾಂತವೂ ಆಗಿಹೋಗಿತ್ತು.

ಅವರ ಹವ್ಯಾಸ ಬೋನ್ಸಾಯ್. ಅಂದರೆ, ಆಳಿಗಿಂತ ಎತ್ತರ ಬೆಳೆಯಬೇಕಾದ ಮರವನ್ನು ತಟ್ಟೆಯಂಥ ಕುಂಡದಲ್ಲಿ ಕೂರಿಸಿ, ಬೇರು ಕತ್ತರಿಸಿ, ಕೊಂಬೆಗೆ ತಂತಿ ಬಿಗಿದು, ಮೊಣಕಾಲು ದಾಟದಂತೆ ಕಾಯುವ ಮಹಾವಿದ್ಯೆ. ಮಹಡಿಯ ಮೇಲೆ ಹತ್ತಾರು ಕುಂಡಗಳಿದ್ದರೂ ಅವರ ಜೀವವೆಲ್ಲ ಇದ್ದದ್ದು ಒಂದು ದಾಳಿಂಬೆಯ ಮೇಲೆ. ಅದರ ಎಡಗಡೆಯಿಂದ ಒಂದು ಕೊಂಬೆ ಹೊರಟು, ಕುಂಡದ ಅಂಚು ದಾಟಿ ಕೆಳಕ್ಕೆ ಬಾಗಿ, ಯಾರೋ ಕರೆದ ಹಾಗೆ ತುದಿಯಲ್ಲಿ ಮತ್ತೆ ತಲೆ ಎತ್ತಿತ್ತು. ಆ ಬಾಗು ತರುವುದಕ್ಕೆ ಅವರು ತಂತಿ ಕಟ್ಟಲು ಶುರು ಮಾಡಿದ್ದು ಮಗಳು ಶಾಲೆಗೆ ಸೇರಿದಾಗ. ಕೊನೆಯ ತಂತಿ ಬಿಚ್ಚುವ ಹೊತ್ತಿಗೆ ಮಗಳು ಮದುವೆಯಾಗಿ ಹೋಗಿದ್ದಳು. ಮಗಳು ಯಾವ ತರಗತಿಯಲ್ಲಿ ಓದುತ್ತಿದ್ದಾಳೆಂದು ಯಾರಾದರೂ ಕೇಳಿದರೆ ತಡವರಿಸುತ್ತಿದ್ದ ಮನುಷ್ಯ, ಕೊಂಬೆಯ ವಯಸ್ಸನ್ನು ನಿದ್ದೆಯಲ್ಲೂ ಹೇಳುತ್ತಿದ್ದರು.

ಬೋನ್ಸಾಯ್ ಸಂಘದವರು ವರ್ಷಕ್ಕೊಂದು ಪುಸ್ತಕ ತರುತ್ತಿದ್ದರು. ಅದರ ಮುಖಪುಟದಲ್ಲಿ ತಮ್ಮ ದಾಳಿಂಬೆ ಬರಬೇಕು ಎನ್ನುವುದೊಂದೇ ಸ್ಕೇಲಪ್ಪನವರ ಆಸೆ. ಹೋದ ಸಲ ಮರವೇನೋ ಒಳಪುಟದಲ್ಲಿ ಬಂತು. ಜೊತೆಗೆ ಹಿಂದೆ ಒಣಹಾಕಿದ್ದ ಹೆಂಡತಿಯ ನೈಟಿ ಬಂತು, ನೀರಿನ ಟ್ಯಾಂಕು ಬಂತು, ಪಕ್ಕದ ಮನೆಯ ಬೆಕ್ಕೂ ಬಂತು. ಸಂಘದ ಸಭೆಯಲ್ಲಿ ಅವರ ಷಡ್ಡಕ ಎದ್ದು ನಿಂತು, “ಅಣ್ಣಾ, ಹಿಂದುಗಡೆ ಹೂ ಹೂವಾಗಿದೆಯಲ್ಲ, ಅದ್ಯಾವ ಜಾತಿ ಮರ?” ಎಂದು ಕೇಳಿ ಎಲ್ಲರನ್ನೂ ನಗಿಸಿದ. ಈ ಷಡ್ಡಕ, ಅಂದರೆ ನಾದಿನಿಯ ಗಂಡ, ಸ್ವಂತ ಕೈಯಲ್ಲಿ ಒಂದು ಕಡ್ಡಿಯನ್ನೂ ಬೆಳೆಸಿದವನಲ್ಲ. ನರ್ಸರಿಯಲ್ಲಿ ತಯಾರಾದ ಮರವನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದು, ಕುಂಡದ ಮೇಲಿನ ಬೆಲೆ ಚೀಟಿಯನ್ನೂ ಕೀಳದೆ ಸಂಘ ಸೇರಿದವನು. ಅವನ ಬಾಯಲ್ಲಿ ಆ ಮಾತು ಕೇಳಿದ ದಿನ ಸ್ಕೇಲಪ್ಪನವರಿಗೆ ಊಟ ಸೇರಲಿಲ್ಲ.

ಅಂದೇ ತೀರ್ಮಾನವಾಯಿತು. ಮರದ ಹಿಂದೆ ನಿಲ್ಲಿಸಲು ಒಂದು ಪರದೆ ಬೇಕು.

ಮಾರನೆಯ ದಿನ ಊಟದ ಮೇಜಿನ ಮೇಲೆ ತಟ್ಟೆಗಳ ಜಾಗದಲ್ಲಿ ನಕ್ಷೆಯ ಹಾಳೆ ಹರಡಿತ್ತು. ಹೆಂಡತಿ ಸಾರಿನ ಪಾತ್ರೆ ಹಿಡಿದು ನಿಂತಳು.

“ಏನ್ರೀ ಇದು?”

“ಪರದೆ.”

“ಪರದೆಗೆ ಇಷ್ಟೆಲ್ಲ ಗೀಚಬೇಕಾ? ಒಂದು ಹಳೇ ಬೆಡ್‌ಶೀಟ್ ಕೊಡ್ತೀನಿ. ಗೋಡೆಗೆ ಎರಡು ಮೊಳೆ ಹೊಡೆದು ಕಟ್ಟಿ.”

“ಬೆಡ್‌ಶೀಟಂತೆ. ನೋಡು, ಇದು ಎಲ್ಲಿಗೆ ಬೇಕಾದ್ರೂ ತಗೊಂಡು ಹೋಗೋ ಅಂಥದ್ದು. ಮಡಿಸಿದ್ರೆ ಪೆಟ್ಟಿಗೆ, ಬಿಡಿಸಿದ್ರೆ ಪರದೆ.”

“ಮರ ಇರೋದು ನಮ್ಮ ಮಹಡಿ ಮೇಲೆ. ಪರದೆ ತಗೊಂಡು ನೀವು ಎಲ್ಲಿಗೆ ಹೋಗ್ತೀರಿ?”

ಸ್ಕೇಲಪ್ಪನವರು ಪೆನ್ಸಿಲ್ ಚೂಪು ಮಾಡಿದರು.

ನಕ್ಷೆ ಮಾತ್ರ ದೋಷವಿಲ್ಲದ್ದು, ಅದರಲ್ಲಿ ಎರಡು ಮಾತಿಲ್ಲ. ಮರವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಅಳೆದು ಬರೆದರು. ಮೂರು ಪ್ಲೈವುಡ್ ಹಲಗೆ, ಅವುಗಳ ನಡುವೆ ಕೀಲು, ಮೇಲೆ ಬೂದು ಬಣ್ಣದ ಬಟ್ಟೆ. ಮಡಿಸಿದರೆ ಒಂದು ಹಿಡಿ, ಒಂದು ಚಿಲಕ, ಸ್ಕೂಟರಿನ ಮುಂದೆ ಕಾಲಿಡುವ ಜಾಗಕ್ಕೆ ಸರಿಯಾಗಿ ಕೂರುವ ಪೆಟ್ಟಿಗೆ. ಬರೆಯಲು ಒಂದು ಸಂಜೆ ಸಾಕಾಯಿತು. ಮಾಡಲು ಶುರುವಾದ ಮೇಲೆ ಊಟದ ಮೇಜು ಮನೆಯವರ ಕೈತಪ್ಪಿತು. ಮೊದಲ ಸಲ ಕೀಲುಗಳನ್ನು ಹಿಂದುಮುಂದು ಜಡಿದದ್ದರಿಂದ ಪರದೆ ಹೊರಗಡೆಗೆ ಮಡಿಸಿಕೊಂಡಿತು. ಎರಡನೇ ಸಲ ಒಳಗಡೆಗೆ ಮಡಿಸಿಕೊಂಡಿತು, ಆದರೆ ಬಿಚ್ಚಿಕೊಳ್ಳಲಿಲ್ಲ. ಬಟ್ಟೆ ಅಂಟಿಸಿದರೆ ಗುಳ್ಳೆ ಎದ್ದಿತು; ಕಿತ್ತು ಮತ್ತೆ ಅಂಟಿಸಿದರೆ ಸುಕ್ಕಾಯಿತು. ಗಂಡ ಹೆಂಡತಿ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಉಣ್ಣುವುದನ್ನು ರೂಢಿ ಮಾಡಿಕೊಂಡರು. ನಾಲ್ಕು ದಿನ ಇದ್ದು ಹೋಗಲು ಬರುತ್ತೇನೆಂದ ಅವಳ ತಾಯಿಗೆ, “ಬರೋ ತಿಂಗಳು ಬಾಮ್ಮ, ಈಗ ಕೂರೋಕೆ ಜಾಗ ಇಲ್ಲ” ಎಂದು ಫೋನಿನಲ್ಲಿ ಹೇಳಿ, ಅವಳು ಆ ಇಡೀ ದಿನ ಗಂಡನೊಡನೆ ಮಾತಾಡಲಿಲ್ಲ. ಸ್ಕೇಲಪ್ಪನವರಿಗೆ ಅದು ಗೊತ್ತಾಗಲಿಲ್ಲ. ಅವತ್ತು ಕೆಲಸ ಚೆನ್ನಾಗಿ ಸಾಗಿತು ಎಂದಷ್ಟೇ ಅವರಿಗೆ ಅನಿಸಿತ್ತು.

ಮರದ ಹತ್ತಿರ ಸುಳಿಯಬಾರದೆಂದು ಹೆಂಡತಿಗೆ ಮೊದಲಿನಿಂದಲೂ ಅಪ್ಪಣೆಯಿತ್ತು. ಒಮ್ಮೆ ನೀರು ಹಾಕಿದ್ದಕ್ಕೆ ಮನೆ ಬಿದ್ದುಹೋಗುವಷ್ಟು ಕೂಗಾಡಿದ್ದರು. ಆದರೂ ಬಟ್ಟೆ ಒಣಹಾಕಲು ಹೋದಾಗ ಕಣ್ಣು ಮುಚ್ಚಿಕೊಳ್ಳಲಾಗುತ್ತದೆಯೇ? ಒಂದು ಸಂಜೆ ಅವಳು ಖಾಲಿ ಬಕೆಟ್ಟು ಹಿಡಿದು ಇಳಿದು ಬಂದಳು.

“ನಿಮ್ಮ ದಾಳಿಂಬೆ ಕೊಂಬೆ ತುದೀಲಿ ಮೊಗ್ಗು ಬಂದಿದೆ, ನೋಡಿದ್ರಾ? ಚಿಗುರೂ ಉದ್ದಕ್ಕೆ ಬಂದಿದೆ.”

“ಹೂಂ.”

“ಇಷ್ಟು ವರ್ಷದಲ್ಲಿ ಒಂದೂ ಬಂದಿರ್ಲಿಲ್ಲ. ಕೆಂಪಗೆ ಎಷ್ಟು ಮುದ್ದಾಗಿದೆ ಅಂತೀರಿ.”

“ನಂಗೀಗ ಚಿಲಕದ ಯೋಚನೆ. ಆ ಸ್ಕ್ರೂ ಡ್ರೈವರ್ ಇತ್ಲಾಗೆ ಕೊಡು.”

ಅವಳು ಕೊಟ್ಟಳು. ಆಮೇಲೆ ದಿನಾ ಒಂದು ಸಲ, ಒಣಹಾಕಲು ಬಟ್ಟೆ ಇಲ್ಲದಿದ್ದರೂ, ಮಹಡಿ ಹತ್ತಿ ಇಳಿಯುತ್ತಿದ್ದಳು.

ಅಂತೂ ಪರದೆ ಮುಗಿಯಿತು. ಭಾನುವಾರ ಬೆಳಿಗ್ಗೆ ಸ್ಕೇಲಪ್ಪನವರು ಪೆಟ್ಟಿಗೆಯನ್ನು ಮಹಡಿಗೆ ಒಯ್ದು, ಸ್ಟೂಲಿನ ಮೇಲೆ ಗೋಡೆಗೊರಗಿಸಿ, ಹಿಡಿಯೆತ್ತಿ ಬಿಡಿಸಿದರು. ಬಿಡಿಸಿಕೊಂಡಿತು. ಸುಕ್ಕಿಲ್ಲ, ಗುಳ್ಳೆಯಿಲ್ಲ. ಅದರ ಮುಂದೆ ದಾಳಿಂಬೆಯನ್ನು ತಂದಿಟ್ಟು ಕ್ಯಾಮೆರಾದ ಕಿಂಡಿಯಲ್ಲಿ ನೋಡಿದರು. ಬೂದು ಬಣ್ಣದೆದುರು ಒಂದೊಂದು ಎಲೆಯೂ ಬಿಡಿಸಿಟ್ಟಂತೆ ಕಾಣುತ್ತಿತ್ತು. ಆದರೆ ಎಡಗಡೆಯ ಕೊಂಬೆ, ನಕ್ಷೆ ಬರೆದ ಮೇಲೂ ಬೆಳೆದು, ಪರದೆಯ ಅಂಚು ದಾಟಿ ಒಂದು ಗೇಣು ಹೊರಗೆ ಚಾಚಿಕೊಂಡಿತ್ತು. ಅಷ್ಟರಲ್ಲಿ ಮೊಗ್ಗು ಅರಳಿಯೂ ಇತ್ತು. ನೀರಿನ ಟ್ಯಾಂಕಿನ ಎದುರಿಗೆ, ಕೆಂಪಗೆ.

ಕ್ಯಾಮೆರಾ ಹಿಂದಕ್ಕೆ ತಂದರು, ಪಕ್ಕಕ್ಕೆ ತಂದರು, ಮರವನ್ನು ತಿರುಗಿಸಿದರು. ಕುಂಡವನ್ನು ಬಲಕ್ಕೆ ಸರಿಸಿದರೆ ಆ ಕಡೆಯ ರೆಂಬೆಗಳು ಹೊರಗೆ ಬಿದ್ದವು. ಜೇಬಿನ ಸ್ಕೇಲು ತೆಗೆದು ಪರದೆಯನ್ನು ಅಳೆದರು. ನಕ್ಷೆಯಲ್ಲಿ ಇದ್ದಷ್ಟೇ ಇತ್ತು, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

“ಇನ್ನೊಂದು ಹಲಗೆ ಸೇರಿಸಿ” ಎಂದಳು ಹೆಂಡತಿ. ಅವಳು ಆ ಹೂವು ನೋಡಲೆಂದೇ ಬಂದಿದ್ದಳು.

“ಸೇರಿಸಿದ್ರೆ ಮಡಿಸೋದು ಹೇಗೆ? ಸ್ಕೂಟರಲ್ಲಿ ಕೂರಲ್ಲ.”

“ಕೂರದಿದ್ರೆ ಬೇಡ. ಫೋಟೋ ತೆಗೆಯೋದು ಇಲ್ಲೇ ತಾನೆ?”

“ನಕ್ಷೆ ತಪ್ಪಿಲ್ಲ ಕಣೆ. ಪರದೆ ನಕ್ಷೆ ಪ್ರಕಾರಾನೇ ಇದೆ. ಹೆಚ್ಚಾಗಿರೋದು ಮರ.”

“ಅಂದ್ರೆ?”

ಅವರು ಕತ್ತರಿ ತೆಗೆದುಕೊಂಡರು. ಕೊಂಬೆಯ ಬಾಗನ್ನು ಒಮ್ಮೆ ಬೆರಳಿನಿಂದ ಸವರಿದರು. ಆದರೆ ಎಷ್ಟೋ ಜನರ ಬಾಲ್ಕನಿಗಳನ್ನು ಇದೇ ಮಾತಿನಿಂದ ಒಡೆಸಿದ ಮನುಷ್ಯ, ತಮ್ಮ ಮನೆಯ ಮರವೆಂದು ರಿಯಾಯಿತಿ ಕೊಡುವುದುಂಟೇ? ತುದಿ ಮಾತ್ರ ಕತ್ತರಿಸಿದರೆ ಮೋಟಾಗಿ ಕಾಣುತ್ತದೆಂದು ಬಾಗಿನ ಬುಡಕ್ಕೇ ಹಾಕಿದ ಕತ್ತರಿ ಕಚಕ್ಕೆಂದಿತು. ಕೊಂಬೆ ಹೂವಿನ ಸಮೇತ ಹೆಂಡತಿಯ ಕಾಲ ಬಳಿ ಬಿತ್ತು.

ಅವಳು ಕೂಗಾಡಲಿಲ್ಲ. ಬಗ್ಗಿ ಅದನ್ನೆತ್ತಿಕೊಂಡಳು.

“ಆಗ್ಲಿ ಬಿಡಿ. ಈ ಮನೇಲಿ ಅಳತೆಗೆ ಹೊಂದದ್ದನ್ನೆಲ್ಲ ಕತ್ತರಿಸೋದು ಹೊಸದೇನಲ್ಲ. ನನ್ನ ಬ್ಯಾಂಕ್ ಕೆಲಸ ನಿಮ್ಮ ಟೈಮಿಗೆ ಹೊಂದಲಿಲ್ಲ, ಬಿಡಿಸಿದ್ರಿ. ಮಗಳ ಸಂಗೀತ ನಿಮ್ಮ ನಿದ್ದೆಗೆ ಹೊಂದಲಿಲ್ಲ, ನಿಲ್ಲಿಸಿದ್ರಿ. ಮರ ಒಂದನ್ನಾದ್ರೂ ಪ್ರೀತಿಯಿಂದ ನೋಡ್ಕೊಳ್ತಾರೆ ಅಂದ್ಕೊಂಡಿದ್ದೆ.”

ಸ್ಕೇಲಪ್ಪನವರಿಗೆ ಮಾತು ನಾಟಿತು. ನಾಟಿದ್ದನ್ನು ತೋರಿಸಿಕೊಳ್ಳದೆ ಫೋಟೋ ತೆಗೆದರು. ಮರ ಪರದೆಯೊಳಗೆ ಅಚ್ಚುಕಟ್ಟಾಗಿ ಕೂತಿತ್ತು.

ಫೋಟೋ ಕಳಿಸಿದ ಮೇಲೆ ಸಂಘದ ಅಧ್ಯಕ್ಷರ ಫೋನು ಬಂತು. ಅಧ್ಯಕ್ಷರು ಹಲ್ಲಿನ ಡಾಕ್ಟರು. ನೋವಿನ ಸುದ್ದಿಯನ್ನು ನಗುನಗುತ್ತ ಹೇಳಿ ಅಭ್ಯಾಸವಾದವರು.

“ಹೊಸ ಮರಾನಾ ಇದು?”

“ಇಲ್ಲ ಡಾಕ್ಟ್ರೇ, ಅದೇ ದಾಳಿಂಬೆ.”

“ಮತ್ತೆ ಆ ಕೊಂಬೆ?”

“ಸ್ವಲ್ಪ... ಅಳತೆಗೆ ತಂದಿದ್ದೀನಿ.”

“ಛೆ, ಎಂಥ ಕೆಲಸ ಮಾಡಿದ್ರಿ. ಆ ಕೊಂಬೆಗೋಸ್ಕರಾನೇ ಈ ಸಲ ಮುಖಪುಟ ನಿಮಗೇ ಅಂತ ಸಮಿತೀಲಿ ಮಾತಾಗಿತ್ತು. ಈಗ ಮುಂದಿನ ಹಲ್ಲು ಕಿತ್ತ ಹಾಗಿದೆಯಲ್ಲ ಸ್ವಾಮಿ. ಕಟ್ಟಿಸೋಕೂ ಆಗಲ್ಲ.” ಆಮೇಲೆ ದನಿ ಎತ್ತರವಾಯಿತು. “ಆದ್ರೆ ಹಿಂದೆ ಇರೋ ಪರದೆ ಭರ್ಜರಿಯಾಗಿದೆ ಕಣ್ರೀ. ಎಲ್ಲಿಗೆ ಬೇಕಾದ್ರೂ ತರಬಹುದಂತೆ, ನಿಮ್ಮ ಷಡ್ಡಕರು ಹೇಳಿದ್ರು. ಮುಖಪುಟಕ್ಕೆ ಈಗ ಅವರ ಮರಾನೇ ಗತಿ. ಬರೋ ಭಾನುವಾರ ಅವರ ಮನೆಗೆ ಹಿಡ್ಕೊಂಡು ಬಂದುಬಿಡಿ.”

ಬರುವುದಿಲ್ಲ ಎನ್ನುವ ಮಾತು ಸ್ಕೇಲಪ್ಪನವರ ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಪರದೆಯನ್ನು ಒಬ್ಬರಾದರೂ ಹೊಗಳಿದ್ದರು. ಭಾನುವಾರ ಸ್ಕೂಟರಿನ ಮುಂದೆ ಪೆಟ್ಟಿಗೆ ಇಟ್ಟುಕೊಂಡು ಹೊರಟರು. ಸರಿಯಾಗಿ ಕೂತಿತು.

ಷಡ್ಡಕನ ಮರ ಅಂಗಳದ ಹುಲ್ಲಿನ ನಡುವೆ ಮೇಜಿನ ಮೇಲಿತ್ತು. ಪರದೆ ಬಿಡಿಸಿದಾಗ ತಿಳಿಯಿತು, ಇಲ್ಲಿ ಒರಗಿಸಲು ಗೋಡೆಯಿಲ್ಲ. ನಕ್ಷೆಯಲ್ಲಿ ಪರದೆಗೆ ಕಾಲು ಬರೆದಿರಲಿಲ್ಲ. ನಿಲ್ಲಿಸಿದರೆ ಗಾಳಿಗೆ ಮುಗ್ಗರಿಸಿ ಮರದ ಮೇಲೇ ಬೀಳುತ್ತಿತ್ತು.

“ಅಣ್ಣಾ, ನೀವೇ ಹಿಂದೆ ಕೂತು ಹಿಡ್ಕೊಂಡುಬಿಡಿ. ನಿಮ್ಮಷ್ಟು ನೇರವಾಗಿ ಯಾರು ಹಿಡೀತಾರೆ?” ಎಂದ ಷಡ್ಡಕ, ಭಾರೀ ಗೌರವದಿಂದ.

ಹಿರಿಯ ನಕ್ಷೆಗಾರರು ಮೇಜಿನ ಹಿಂದೆ ಮೊಣಕಾಲೂರಿ, ಎರಡೂ ಕೈ ಚಾಚಿ ಪರದೆ ಹಿಡಿದರು. ಮೂಗಿನ ಮುಂದೆ ಬರೀ ಪ್ಲೈವುಡ್. ಬೆನ್ನು ಹಿಡಿದುಕೊಂಡಿತು, ಸೊಳ್ಳೆ ಕಿವಿಯ ಹಿಂದೆ ಕೂತಿತು. “ಅಲ್ಲಾಡ್ಬೇಡಿ, ಮುಗೀತು, ಇನ್ನೇನು ಮುಗೀತು” ಎನ್ನುತ್ತ ಡಾಕ್ಟರು ಆ ಕಡೆಯಿಂದ ಕ್ಲಿಕ್ಕಿಸುತ್ತಲೇ ಇದ್ದರು. ತಾವು ಬೆಳೆಸಿದ ಮರ ಮನೆಯಲ್ಲಿ ಕೈಮುರಿದು ಕೂತಿರುವಾಗ ಕೊಂಡುತಂದ ಮರಕ್ಕೆ ಬೆನ್ನಾಗಿ ನಿಂತಿದ್ದೇನಲ್ಲ ಎಂದು ಸ್ಕೇಲಪ್ಪನವರಿಗೆ ಅಲ್ಲೇ ಅಳು ಬಂತು. ಯಾರಿಗೂ ಕಾಣಲಿಲ್ಲ, ಆ ಮಟ್ಟಿಗೆ ಪರದೆ ಉಪಯೋಗಕ್ಕೆ ಬಂತು.

ಪುಸ್ತಕ ಅಂಚೆಯಲ್ಲಿ ಬಂದಾಗ ಬಿಚ್ಚಿದ್ದು ಹೆಂಡತಿ. ಮುಖಪುಟದ ತುಂಬ ಷಡ್ಡಕನ ಮರ, ಹಿಂದೆ ಸುಕ್ಕಿಲ್ಲದ ಬೂದು ಪರದೆ, ಪರದೆಯ ಬಲಗಡೆಯ ಅಂಚನ್ನು ಹಿಡಿದುಕೊಂಡ ನಾಲ್ಕು ದಪ್ಪ ಬೆರಳು. ಒಳಗೆ ಚಿಕ್ಕ ಅಕ್ಷರದಲ್ಲಿ ‘ಪರದೆ ಒದಗಿಸಿದವರು: ಮರದ ಮಾಲೀಕರ ಷಡ್ಡಕರು’ ಎಂದು ಅಚ್ಚಾಗಿತ್ತು.

ಅವಳು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಸ್ಕೇಲಪ್ಪನವರು ಕುರ್ಚಿಯ ತುದಿಯಲ್ಲಿ ಕೂತು ಅವಳ ಮುಖವನ್ನೇ ನೋಡುತ್ತಿದ್ದರು. ಒಂದು ಸಮಾಧಾನದ ಮಾತು ಬಂದೀತೇನೋ ಎಂದು ಅವರಿಗೆ ಆಸೆಯಿತ್ತು.

“ಅಲ್ಲಾ ರೀ,” ಎಂದಳು ಅವಳು, ಪುಸ್ತಕವನ್ನು ಅವರ ಕೈಗೆ ಕೊಡುತ್ತ, “ಕತ್ತರಿ ಕೈಯಲ್ಲಿದ್ದಾಗ್ಲೇ ಆ ಉಗುರೂ ಒಂಚೂರು ಕತ್ತರಿಸ್ಕೊಂಡಿದ್ರೆ ಆಗ್ತಿರ್ಲಿಲ್ವಾ?”