ಹಿರಿಯೂರಿನ ಒಗರು

ಊರು ಯಾವುದೆಂದು ಕೇಳಿ ಮನುಷ್ಯನ ಗುಣ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ಮದುವೆಯಲ್ಲೇ ಇದು ಶುರುವಾಯಿತು. ನಂದಿ ಬೆಟ್ಟದ ತಪ್ಪಲಿನ ಷಡ್ಡಕ ನಂಜುಂಡಪ್ಪ ಊಟದ ಪಂಕ್ತಿಯಲ್ಲಿ ಕೂತು, "ಹಿರಿಯೂರು ಕಡೆಯೋರು ಸ್ವಲ್ಪ ಒರಟು" ಎಂದ. ನಾನು ಒರಟನಲ್ಲ ಎಂದು ತಿಳಿಸಲು ಎಲೆ ಬಿಟ್ಟು ಎದ್ದು ನಿಂತು ಕೂಗಬೇಕಾಯಿತು. ಹೆಂಡತಿ ಗಿರಿಜೆ ಇವತ್ತಿಗೂ ಅದನ್ನು ನೆಂಟರ ಮುಂದೆ ಅಭಿನಯಿಸಿ ತೋರಿಸುತ್ತಾಳೆ.

ಮನುಷ್ಯರ ವಿಷಯ ಹೋಗಲಿ, ಈಗ ದ್ರಾಕ್ಷಿಗೂ ಅದೇ ಮಾತು. ನಾನೂ ಷಡ್ಡಕನೂ ಒಂದೇ ನರ್ಸರಿಯಿಂದ ಶಿರಾಜ್ ಎಂಬ ವೈನ್ ದ್ರಾಕ್ಷಿಯ ಸಸಿ ತಂದು ನೆಟ್ಟೆವು. ಅವನದು ನಂದಿಯ ತಂಪಿನಲ್ಲಿ ಬೆಳೆಯಿತು. ನನ್ನದು ಹಿರಿಯೂರಿನ ಬಿಸಿಲಲ್ಲಿ, ಕಲ್ಲುನೆಲದಲ್ಲಿ, ಗುಡ್ಡದ ಮೇಲಿನ ಕರೆಂಟು ತೆಗೆಯುವ ಫ್ಯಾನುಗಳನ್ನು ತಿರುಗಿಸಿ ಮಿಕ್ಕ ಗಾಳಿಗೆ ಮೈಯೊಡ್ಡಿ ಬೆಳೆಯಿತು. ತೋಟಕ್ಕೆ ಬಂದವರನ್ನು ಬರಿಗೈಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ಒಂದೊಂದು ಗೊಂಚಲು ಕೊಡುತ್ತಿದ್ದೆ. ತಿಂದವರೆಲ್ಲ ಮುಖ ಕಿವುಚಿ, "ಏನಪ್ಪ ಇದು, ಬರೀ ಬೀಜ, ಸಿಪ್ಪೆ ಚಕ್ಕಳದಂಗೈತೆ" ಅನ್ನುತ್ತಿದ್ದರು. ವೈನಿಗೆ ಸಿಪ್ಪೆಯೇ ಬಂಡವಾಳ, ಬಣ್ಣ ಬರುವುದೇ ಅದರಿಂದ ಎಂದು ಎಷ್ಟು ಜನಕ್ಕೆ ಹೇಳಲಿ? ಕಡೆಕಡೆಗೆ ಹೇಳುವುದನ್ನು ಬಿಟ್ಟು ಬೈಯತೊಡಗಿದೆ.

ನನ್ನ ಆಸೆ ಇದ್ದದ್ದು ಒಂದೇ, ಬಾಟಲಿಯ ಮೇಲೆ ಹಿರಿಯೂರು ಎಂದು ಅಚ್ಚಾಗಬೇಕು. ಷಡ್ಡಕನ ಹಣ್ಣಿನ ವೈನಿಗೆ ಆಗಲೇ ನಂದಿಯ ಹೆಸರು ಬಿದ್ದಿತ್ತು. ನನ್ನ ಹಣ್ಣಿನಿಂದ ತೆಗೆದ ವೈನನ್ನು ತೀರ್ಮಾನಿಸಲು, ನಮ್ಮಿಬ್ಬರ ದ್ರಾಕ್ಷಿಯನ್ನೂ ಕೊಳ್ಳುವ ವೈನ್ ಕಂಪನಿಯಿಂದ ರುಚಿ ನೋಡುವ ಹೆಣ್ಣುಮಗಳು ಬಂದಳು. ಜಗಲಿಯಲ್ಲಿ ಬಾಟಲಿ ತೆರೆದು, ಲೋಟಕ್ಕೆ ಬಗ್ಗಿಸಿ, ಒಂದು ಗುಟುಕು ಬಾಯಿಗೆ ಹಾಕಿ ಮುಕ್ಕಳಿಸಿ, ಬಕೆಟ್ಟಿಗೆ ಉಗಿದಳು. ಅದು ಅವರ ವೃತ್ತಿಯ ಕ್ರಮವಂತೆ. ನನಗೆ ಮಾತ್ರ ನನ್ನ ಮುಖಕ್ಕೇ ಉಗಿದಂತಾಯಿತು.

"ನಂದಿಯದು ತೆಳು ಸರ್, ಸ್ವಲ್ಪ ಹುಳಿ, ಕಾಳುಮೆಣಸಿನ ಘಮ. ನಿಮ್ಮದು ಬಿಸಿಲಿಗೆ ಚೆನ್ನಾಗಿ ಮಾಗಿದೆ, ಕಪ್ಪು, ದಪ್ಪ. ಆದರೆ ಒಗರು ಜಾಸ್ತಿ, ಗಂಟಲು ಬಿಸಿಯಾಗುತ್ತೆ. ಬೇರೆ ವೈನಿನ ಜೊತೆ ಬೆರೆಸಿಬಿಡೋಣ, ಊರಿನ ಹೆಸರು ಬೇಡ."

"ಬಿಸ್ಲು ಬೇಕು, ಬಣ್ಣ ಬೇಕು, ಒಗರು ಮಾತ್ರ ಬ್ಯಾಡ್ವೇನ್ರಿ?" ಎಂದೆ. ಎಂದೆ ಎಂಬುದು ಸೌಜನ್ಯಕ್ಕೆ ಬರೆದದ್ದು. ಪಕ್ಕದ ತೋಟದವರು ಏನಾಯಿತೋ ಎಂದು ಓಡಿಬಂದರು. "ಹಾಕಿದ್ರೆ ಹಿರಿಯೂರು ಅಂತ ಹಾಕ್ರಿ. ಇಲ್ಲಾಂದ್ರೆ ಮುಂದಿನ ಬೆಳೇನ ಹಕ್ಕಿಗೆ ಬಿಡ್ತೀನಿ." ಅಲ್ಲಿಂದ ಷಡ್ಡಕ, ಮದುವೆಯ ಊಟ, ನಂದಿಯ ಮಂಜು ಎಲ್ಲವನ್ನೂ ಸರದಿಯಂತೆ ವಿಚಾರಿಸಿಕೊಂಡೆ.

"ಸುಮ್ಕಿರ್ರಿ, ಹುಡ್ಗಿ ಹೆದ್ರಿಕಂಡೈತೆ" ಎಂದಳು ಗಿರಿಜೆ.

ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಕಂಪನಿಯ ಹುಡುಗಿ, ಏನಾದರೂ ಮಾಡಬೇಕಲ್ಲ ಎಂಬಂತೆ, ಅಷ್ಟು ಹೊತ್ತೂ ಹಾಗೇ ಇದ್ದ ಲೋಟವನ್ನೆತ್ತಿ ಮತ್ತೊಂದು ಗುಟುಕು ಹಾಕಿಕೊಂಡಳು. ಈ ಸಲ ಉಗಿಯಲಿಲ್ಲ.

ಮೂರು ತಿಂಗಳಿಗೆ ಬಾಟಲಿ ಬಂತು. ಮೇಲೆ ದಪ್ಪಕ್ಷರದಲ್ಲಿ ಹಿರಿಯೂರು. ನಾನು ಎದೆಯುಬ್ಬಿಸಿ ನಿಂತಿದ್ದಾಗ ಗಿರಿಜೆ ಹಿಂಬದಿಯ ಸಣ್ಣ ಅಕ್ಷರ ಓದಿದಳು: "ತೆರೆದ ಕೂಡಲೇ ಒಗರಾಗಿರುತ್ತದೆ. ಒಂದು ಗಂಟೆ ಹಾಗೇ ಬಿಟ್ಟರೆ ಮೃದುವಾಗುತ್ತದೆ." ಓದಿ, ಸೆರಗು ಬಾಯಿಗಿಟ್ಟು ನಕ್ಕಳು. "ಇದನ್ನ ನಾನೇ ಬರ್ಕೊಡ್ತಿದ್ನಲ್ರಿ. ಮದ್ವೆಯಾದಾಗಿಂದ ನಾನು ಮಾಡ್ತಿರಾದು ಅದೇ ಅಲ್ವಾ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೇಳಬೇಕಾದದ್ದು ಬಹಳವಿತ್ತು, ಬಾಯಿ ತೆರೆದೆ. ಅವಳು ನನ್ನನ್ನು ಜಗಲಿಯಲ್ಲೇ ಬಿಟ್ಟು ಒಳಗೆ ಹೋದಳು. ಗಂಟೆ ಕಳೆದು ಟೀ ತಂದಳು. ಸಕ್ಕರೆ ಹಾಕಲು ಮರೆತಿದ್ದಳು. ಚೆನ್ನಾಗಿದೆ ಎಂದೆ.