ಕೊತ್ತಂಬರಿ ಮುಳುಗಿಸಿದ ದಾರಿ

ನ್ಯಾಯ ನಮ್ಮ ಕಡೆ ಇರುವಾಗ ಕೋಪ ಮಾಡಿಕೊಳ್ಳುವುದರಲ್ಲಿ ಒಂದು ಸುಖವಿದೆ. ಮಾತಿಗೆ ತಡಕಾಡಬೇಕಾಗಿಲ್ಲ, ಬೈದ ಮೇಲೆ ಊಟವೂ ಚೆನ್ನಾಗಿ ಸೇರುತ್ತದೆ. ತಪ್ಪು ನಮ್ಮ ಮನೆಯದೇ ಆಗಿರುವಾಗ ಬರುವ ಕೋಪ ಹಾಗಲ್ಲ. ಅದನ್ನು ಉಗುಳುವಂತಿಲ್ಲ, ನುಂಗಿದರೆ ಎದೆಯುರಿ. ಕಳೆದ ಮಳೆಗಾಲದಲ್ಲಿ ನನಗೆ ಬಂದದ್ದು ಈ ಜಾತಿಯ ಕೋಪ. ಬರಿಸಿದವರು ನನ್ನ ಯಜಮಾನರು.

ರಾಜಾಜಿನಗರದ ಬಾಡಿಗೆ ಮನೆ ಬಿಟ್ಟು ನಾವು ಹೇರೋಹಳ್ಳಿಯ ಅಂಚಿನಲ್ಲಿ, ಇನ್ನೂ ನಾಲ್ಕಾರು ಹೊಲ ಉಳಿದಿರುವ ಕಡೆ, ಮನೆ ಕಟ್ಟಿಸಿದೆವು. ಗೇಟಿಗೂ ಮಣ್ಣುರಸ್ತೆಗೂ ನಡುವೆ ಒಂದು ಚರಂಡಿ. ಅದನ್ನು ದಾಟದೆ ಕಾರು ಒಳಗೆ ಬರುವಂತಿಲ್ಲ. "ಕೆಳಗೆ ದೊಡ್ಡ ಸಿಮೆಂಟ್ ಪೈಪ್ ಹಾಕ್ಸಿ, ಮೇಲೆ ಮಣ್ಣು ತುಂಬ್ಸಿ" ಎಂದು ಹೇಳಿದೆ. ಹೇಳಿದೆ ಎನ್ನುವುದು ಸಭ್ಯ ಪದ. "ಮಳೆಗಾಲಕ್ಕೆ ಇನ್ನೂ ಟೈಮಿದೆ ಕಣೇ, ಆಮೇಲೆ ಹಾಕ್ಸೋಣ" ಎಂದ ಯಜಮಾನರು, ಮನೆ ಕಟ್ಟಿ ಉಳಿದ ಇಟ್ಟಿಗೆ ಚೂರು, ಮಣ್ಣು ಎಲ್ಲವನ್ನೂ ಚರಂಡಿಗೆ ಸುರಿಸಿ, ಅದರ ಮೇಲೆ ಕಾರು ಓಡಿಸಿಕೊಂಡು ಒಳಗೆ ಬಂದು ಹಾರ್ನ್ ಬೇರೆ ಹೊಡೆದರು. ಮುಖದಲ್ಲಿ ಸೇತುವೆ ಉದ್ಘಾಟಿಸಿದ ಮಂತ್ರಿಯ ಕಳೆ.

ಮಳೆ ಇವರ ಟೈಮು ಕೇಳಲಿಲ್ಲ. ಒಂದು ಬೆಳಗ್ಗೆ ನಾನು ಕಾರಿನಲ್ಲಿ ವಿಜಯನಗರದ ಬ್ಯಾಂಕಿನ ಕೆಲಸಕ್ಕೆ ಹೊರಡುವ ಮುಂಚೆ ಧೋ ಎಂದು ಸುರಿಯಿತು. ಚರಂಡಿಯ ನೀರು ನಮ್ಮ ಸೇತುವೆಗೆ ಬಡಿದು, ದಾರಿ ಕಾಣದೆ ಪಕ್ಕದ ಹೊಲಕ್ಕೆ ನುಗ್ಗಿತು. ಹೊಲ ಜಯಮ್ಮನದು. ಬಹುಪಾಲು ಜಮೀನು ಸೈಟುಗಳಾಗಿ ಹೋದ ಮೇಲೆ, ಉಳಿದ ತುಂಡಿನಲ್ಲಿ ಹಟ ಹಿಡಿದು ಕೊತ್ತಂಬರಿ ಬೆಳೆಯುವ ಹೆಂಗಸು. ಮೊಣಕಾಲಿನವರೆಗೆ ಕೆಸರು ಮಾಡಿಕೊಂಡೇ ಗೇಟಿಗೆ ಬಂದಳು.

"ಏನಮ್ಮಾ, ನಿಮ್ ಕಾರ್ ಒಳಗ್ ನಿಲ್ಬೇಕು ಅಂತ ನಮ್ ಸೊಪ್ಪು ಕೊಳೀಬೇಕಾ? ನಾಳೆ ಕೀಳೋದಿತ್ತು! ಪೈಪ್ ಹಾಕ್ದೆ ಯಾರಾದ್ರೂ ಚರಂಡಿ ಮುಚ್ತಾರಾ?"

ನಾನು ಯಜಮಾನರತ್ತ ತಿರುಗಿದೆ. ಬಚ್ಚಲುಮನೆಯ ಚಿಲಕ ಬಿದ್ದ ಸದ್ದು ಕೇಳಿಸಿತು. ಜಯಮ್ಮನ ಒಂದೊಂದು ಮಾತೂ ನಾನು ಈ ಮನುಷ್ಯರಿಗೆ ಮೊದಲೇ ಬೈದಿದ್ದ ಮಾತು. ನನ್ನ ಬೈಗುಳ ನನ್ನ ಮೇಲೆಯೇ ಬೀಳುತ್ತಿದೆಯಲ್ಲ ಎಂದು ಮೈಯೆಲ್ಲ ಉರಿಯಿತು. ನೈಟಿಯ ಮೇಲೆ ರೇನ್‌ಕೋಟು ಏರಿಸಿ, ಗುದ್ದಲಿ ಹಿಡಿದು ಮಳೆಗೆ ಇಳಿದೆ.

"ಟೈಮಿದೆಯಂತೆ, ಟೈಮು!" ಎನ್ನುತ್ತಾ ಒಂದೊಂದು ಏಟು ಹಾಕಿದೆ. ಬೈಯುವುದನ್ನು ನಿಲ್ಲಿಸಿದ ಜಯಮ್ಮ, ಹೊಲಕ್ಕೆ ಹೋಗಿ ತನ್ನ ಗುದ್ದಲಿಯನ್ನೂ ತಂದಳು.

"ಯಾರ್ ಮ್ಯಾಲಮ್ಮ ಇಷ್ಟು ಸಿಟ್ಟು?"

"ಬಚ್ಚಲಲ್ಲಿ ಕೂತವ್ರ ಮೇಲೆ."

"ನಮ್ಮನೇಲೂ ಒಬ್ರವ್ರೆ, ಬಿಡಿ" ಎಂದು ಅವಳೂ ಹಲ್ಲು ಕಚ್ಚಿ ಅಗೆದಳು.

ಇಬ್ಬರ ಗಂಡಂದಿರೂ ನಮ್ಮ ಬೈಗುಳದ ಮಳೆಯಲ್ಲಿ ಚೆನ್ನಾಗಿ ನೆನೆದರು. ಸೇತುವೆ ಪೂರ್ತಿ ಕಿತ್ತುಹೋಗುತ್ತಿದ್ದಂತೆ ನೀರು ಭೋರೆಂದು ಚರಂಡಿಗೆ ಇಳಿಯಿತು. ಅರ್ಧ ಕೊತ್ತಂಬರಿಯಾದರೂ ತಲೆ ಎತ್ತಿತು. ಜಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಮೊದಲ ಸಲ ನಕ್ಕಳು.

ಆಗ ಯಜಮಾನರು ಹೊರಗೆ ಬಂದರು. ಅಗೆದ ಹಳ್ಳ ನೋಡಿದರು, ನನ್ನನ್ನು ನೋಡಿದರು, ಬಹಳ ಮೆತ್ತಗೆ ಕೇಳಿದರು: "ಅಲ್ವೇ, ಕಾರು ಒಳಗೇ ಇದೆಯಲ್ಲ?"

"ಗೊತ್ತು. ಬೇಕಂತಲೇ ಬಿಟ್ಟೆ" ಎಂದೆ.

ಪೈಪು ಬರುವವರೆಗೆ ನಾನು ಬಸ್ಸಿನಲ್ಲೇ ವಿಜಯನಗರಕ್ಕೆ ಹೋಗಿಬಂದೆ. ಬ್ಯಾಂಕಿನಲ್ಲಿ ಕೇಳಿದವರಿಗೆಲ್ಲ, ಪರಿಸರದ ಮೇಲಿನ ಕಾಳಜಿ ಎಂದು ಹೇಳಿದೆ.